ಗುಡ್‌ಬೈ ಒಳಗೊಬ್ಬ ದೇವರು

ಫೋನ್ ಇಡೋವಾಗ ಒಂದೇ ಉಸಿರಲ್ಲಿ ನಾಲ್ಕು ಸಲ 'ಬೈ' ಅಂತೀವಲ್ಲ, ಇವತ್ತು ಆ ಪದದ ಕಥೆ.

'ಗುಡ್‌ಬೈ'ನಲ್ಲಿರೋ 'ಗುಡ್'ಗೂ ಒಳ್ಳೆಯದು ಅನ್ನೋ ಅರ್ಥಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಅದು 'ಗಾಡ್ ಬಿ ವಿತ್ ಯೀ', ಅಂದ್ರೆ ದೇವರು ನಿಮ್ಮ ಜೊತೆಗಿರಲಿ. ಈ 'ಯೀ' ನಮ್ಮ 'ನೀವು' ಥರ, ಬಹುವಚನಕ್ಕೂ ಆಗ್ತಿತ್ತು, ಮರ್ಯಾದೆಗೂ ಆಗ್ತಿತ್ತು. ಇದು 16ನೇ ಶತಮಾನದ ಇಂಗ್ಲೆಂಡ್. ಪ್ಲೇಗ್ ಇತ್ತು, ದಾರಿಗಳ್ಳರಿದ್ರು. ಊರು ಬಿಟ್ಟವರು ವಾಪಸ್ ಬರ್ತಾರೆ ಅನ್ನೋ ಗ್ಯಾರಂಟಿ ಇರಲಿಲ್ಲ. ಹಾಗಾಗಿ ಅದು ನಿಜವಾದ ಪ್ರಾರ್ಥನೆ.

ಆದ್ರೆ ದಿನಾ ಆಡೋ ಮಾತು ಸವೆಯದೇ ಇರುತ್ತಾ? 1570ರ ದಶಕದಲ್ಲಿ ಕೇಂಬ್ರಿಜ್‌ನ ವಿದ್ವಾಂಸ ಗೇಬ್ರಿಯಲ್ ಹಾರ್ವಿ ಒಂದು ಪತ್ರದಲ್ಲಿ ಇಡೀ ವಾಕ್ಯವನ್ನ 'ಗಾಡ್‌ಬ್ವೈ' ಅಂತ ಒಂದೇ ಪದ ಮಾಡಿ ಬರೆದಿದ್ದಾನೆ. ಅದೂ ಗ್ಯಾಲನ್ ಲೆಕ್ಕದಲ್ಲಿ ಅಳೆದು, ತಮಾಷೆಗೆ! ನಾವು 'ಟೇಕ್ ಕೇರ್'ನ 'ಟಿಸಿ' ಮಾಡಿದ ಹಾಗೇ. ಪ್ರಾರ್ಥನೆ ಆಗಲೇ ಹರಟೆ ಆಗಿತ್ತು. ಆಮೇಲೆ 'ಗುಡ್ ಡೇ', 'ಗುಡ್ ಈವನ್' ಸಹವಾಸದಲ್ಲಿ 'ಗಾಡ್' ಜಾಗಕ್ಕೆ 'ಗುಡ್' ಬಂದು ಕೂತಿತು.

'ಫೇರ್‌ವೆಲ್' ಇನ್ನೂ ಹಳೇದು. 'ಫೇರ್' ಅಂದ್ರೆ ಪ್ರಯಾಣ ಮಾಡು. ಬಸ್ ಫೇರ್ ಅಂತೀವಲ್ಲ, ಅದೇ ಬೇರು. ಬಿಕಾಂ ಓದಿದ ನನಗೆ, ವಿದಾಯದ ಪದದೊಳಗೆ ಟಿಕೆಟ್ ದುಡ್ಡಿನ ನಂಟು ಸಿಕ್ಕಿದ್ದು ಸಖತ್ ಖುಷಿ ಕೊಡ್ತು. ಮೊದಲು ಇದು ಹೊರಟವರಿಗೆ ಹೇಳೋ ಮಾತು: ಸುಖವಾಗಿ ಹೋಗು. ಮಾತಲ್ಲಿ 'ಗುಡ್‌ಬೈ' ಗೆದ್ದ ಮೇಲೆ 'ಫೇರ್‌ವೆಲ್' ಗಂಭೀರ ಸಂದರ್ಭಗಳಿಗೆ ಉಳೀತು. ಮೂರನೇ ಸಲ ಅಧ್ಯಕ್ಷ ಆಗಲ್ಲ ಅಂತ ಜಾರ್ಜ್ ವಾಷಿಂಗ್ಟನ್ 1796ರ ಸೆಪ್ಟೆಂಬರ್‌ನಲ್ಲಿ ತಿಳಿಸಿದ್ದು 'ಫೇರ್‌ವೆಲ್ ಅಡ್ರೆಸ್' ಅಂತಲೇ ಪ್ರಸಿದ್ಧ. ಅವನು ಅದನ್ನ ಭಾಷಣ ಮಾಡಲೇ ಇಲ್ಲ, ಫಿಲಡೆಲ್ಫಿಯಾದ ಪತ್ರಿಕೆಯಲ್ಲಿ ಅಚ್ಚಾಯ್ತು ಅಷ್ಟೇ.

ನನಗೆ ಕಾಡೋದು 1929. ಮೊದಲ ಮಹಾಯುದ್ಧ ಕಂಡ ಇಬ್ಬರ ಪುಸ್ತಕಗಳು ಅದೇ ವರ್ಷ ಬಂದವು. ಹೆಮಿಂಗ್ವೇ ಕಾದಂಬರಿಗೆ 'ಎ ಫೇರ್‌ವೆಲ್ ಟು ಆರ್ಮ್ಸ್' ಅಂತ ಹೆಸರಿಟ್ಟ. ರಾಬರ್ಟ್ ಗ್ರೇವ್ಸ್ ತನ್ನ ಆತ್ಮಕಥೆಗೆ 'ಗುಡ್‌ಬೈ ಟು ಆಲ್ ದಟ್' ಅಂದ. ಮುವ್ವತ್ನಾಲ್ಕು ವಯಸ್ಸು, ಕಂದಕಗಳಲ್ಲಿ ಜೊತೆಗಾರರು ಸತ್ತಿದ್ದನ್ನ ನೋಡಿದವನು. ಅದೇ ವರ್ಷ ಇಂಗ್ಲೆಂಡ್ ಬಿಟ್ಟು ಸ್ಪೇನ್‌ನ ಮಯೋರ್ಕಾ ದ್ವೀಪಕ್ಕೆ ಹೊರಟುಹೋದ. ದೇವರು ಜೊತೆಗಿರಲಿ ಅನ್ನೋ ಪದ ಅಲ್ಲಿ, ನಿಮ್ಮ ಸಹವಾಸವೇ ಸಾಕು ಅನ್ನೋದಕ್ಕೆ ಬಳಕೆಯಾಯ್ತು.

ಮುಂದಿನ ಎಪಿಸೋಡ್‌ನಲ್ಲಿ 'ಹಲೋ' ಕಥೆ. ಹೋಗಿ ಬರ್ತೀನಿ.