ಒಬ್ಬನಿಗೆ ಬೀಸಿದ ಬಲೆ

ಹೋದ ತಿಂಗಳು ಆಫೀಸಿನಲ್ಲಿ ಪಕ್ಕದ ಸೀಟಿನ ಹುಡುಗನಿಗೆ ಒಂದು ಫೋನ್ ಬಂತು. ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಪೊಲೀಸ್ ಸ್ಟೇಷನ್‌ನಿಂದ ಮಾತಾಡ್ತಿದೀವಿ.’ ಅದು ಮೋಸದ ಕರೆ ಅಂತ ಗೊತ್ತಾಗೋ ಹೊತ್ತಿಗೆ ಅವನು ಬೆವೆತುಹೋಗಿದ್ದ. “ನಾನೇನೂ ಮಾಡಿಲ್ಲ, ಆದ್ರೆ ಡ್ರಗ್ಸ್ ಕೇಸಲ್ಲಿ ಒಂದ್ಸಲ ಹೆಸರು ಬಂದ್ರೆ ಬೇಲೇ ಸಿಗಲ್ವಂತಲ್ಲ” ಅಂದ. ನನಗೆ ನೆನಪಾಗಿದ್ದು ನಮ್ಮೂರು ಸೋಸಲೆ, ಜೊತೆಗೆ ವೀರಪ್ಪನ್.

ಸೋಸಲೆ ಇರೋದು ತಿ. ನರಸೀಪುರದ ಹತ್ತಿರ. ಮಾದಪ್ಪನ ಬೆಟ್ಟಕ್ಕೆ ಹೋಗೋರು ನಮ್ಮ ಕಡೆಯಿಂದ ಕೊಳ್ಳೇಗಾಲದ ದಾರಿ ಹಿಡೀತಾರೆ. 2000ದ ಜುಲೈ 30ರಂದು ಗಾಜನೂರಿನಿಂದ ಅಣ್ಣಾವ್ರನ್ನ ವೀರಪ್ಪನ್ ಹೊತ್ತೊಯ್ದಾಗ ನಾನು ಪ್ರೈಮರಿ ಸ್ಕೂಲು. ಬಸ್ಸುಗಳು ನಿಂತವು. ನಮ್ಮಜ್ಜಿ “ರಾಜಣ್ಣ ಬಂದ್ಬುಟ್ರೆ ಸಾಕು ಕಣಪ್ಪ ಮಾದಪ್ಪ” ಅಂತ ಹರಕೆ ಹೊತ್ತಳು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ ಒಂದು, ಟಾಡಾ ಕೈದಿಗಳನ್ನ ಬಿಡಬೇಕು ಅನ್ನೋದು. ಯಾರು ಈ ಟಾಡಾ ಕೈದಿಗಳು ಅಂತ ನಮ್ಮ ಜಗಲಿಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಿದ್ದು ಬಿಇ ಮುಗಿಸಿ ಎಷ್ಟೋ ವರ್ಷ ಆದ ಮೇಲೆ.

ವೀರಪ್ಪನ್ ಗಂಧ, ಆನೆದಂತ ಕದಿಯೋನು. ಕರ್ನಾಟಕದ ಪೊಲೀಸರು ಬಂದರೆ ತಮಿಳುನಾಡಿನ ಕಾಡು, ಆ ಕಡೆಯವರು ಬಂದರೆ ಈ ಕಡೆಯ ಕಾಡು. ಅವನ ಕ್ರೌರ್ಯದ ಬಗ್ಗೆ ಅನುಮಾನವೇ ಬೇಡ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಅವರನ್ನು ಕೊಂದ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬಿಟ್ಟು 22 ಜನರನ್ನು ಕೊಂದ.

ಅವನು ಸಿಗಲಿಲ್ಲ. ಸಿಕ್ಕಿದ್ದು ಕಾಡಂಚಿನ ಹಳ್ಳಿಯ ಜನ. ಅಕ್ಕಿ ಕೊಟ್ಟೆ, ದಾರಿ ತೋರಿಸಿದೆ, ಸುದ್ದಿ ಮುಟ್ಟಿಸಿದೆ ಅನ್ನೋ ಆರೋಪಗಳು. ಗಂಡಸರು, ಹೆಂಗಸರು ಮೈಸೂರು ಜೈಲು ಸೇರಿದರು. ಎಸ್‌ಪಿ ದರ್ಜೆಯ ಪೊಲೀಸ್ ಅಧಿಕಾರಿ ಬರೆದುಕೊಂಡ ತಪ್ಪೊಪ್ಪಿಗೆಯೂ ಟಾಡಾ ಪ್ರಕಾರ ಸಾಕ್ಷಿ. ಜಾಮೀನು ಬೇಕಂದ್ರೆ, ಇವನು ತಪ್ಪಿತಸ್ಥನಲ್ಲ ಅಂತ ನಂಬೋಕೆ ಕಾರಣ ಇದೆ ಅಂತ ಮೊದಲು ಕೋರ್ಟಿಗೇ ಅನ್ನಿಸಬೇಕು. 1995ರಲ್ಲಿ ಕಾಯ್ದೆಯ ಅವಧಿ ಮುಗೀತು, ಆದರೆ ಹಳೇ ಕೇಸುಗಳು ಹಾಗೇ ಉಳಿದವು.

ಇವರ ಪರ ಮಾತಾಡಿದ ಪಿಯುಸಿಎಲ್ ಥರದ ಹಕ್ಕುಗಳ ಸಂಘಟನೆಯವರನ್ನ ‘ವೀರಪ್ಪನ್ ಕಡೆಯವರು’ ಅಂತ ಬೈಯೋದು ಸುಲಭವಾಗಿತ್ತು. ಅವರು ಕೇಳಿದ್ದೇನು? ವಿಚಾರಣೆ ಬೇಗ ಮಾಡಿ, ಹಿಂಸೆ ಕೊಟ್ಟವರನ್ನೂ ವಿಚಾರಿಸಿ, ಅಷ್ಟೇ.

ಇಷ್ಟು ವರ್ಷ ಕಿವಿಗೊಡದ ಸರ್ಕಾರ, ಅಣ್ಣಾವ್ರು ಕಾಡು ಸೇರಿದ ಕೆಲವೇ ವಾರಗಳಲ್ಲಿ ಟಾಡಾ ಆರೋಪ ಹಿಂದಕ್ಕೆ ತಗೋತೀವಿ ಅಂತ ಹೊರಟಿತು. ಯಾರಾದರೂ ಅಮಾಯಕರು ಅಂತ ಅಲ್ಲ, ಬಂದೂಕಿಗೆ ಹೆದರಿ. ಅದನ್ನು ಸುಪ್ರೀಂ ಕೋರ್ಟಿನಲ್ಲಿ ತಡೆದವರು ಅಬ್ದುಲ್ ಕರೀಂ, ಸತ್ತ ಶಕೀಲ್ ಅಹ್ಮದರ ತಂದೆ. 2000ದ ನವೆಂಬರ್ 7ರಂದು ಕೋರ್ಟು ಅವರ ಮಾತನ್ನ ಎತ್ತಿಹಿಡಿಯಿತು. ಮೊದಲು ಓದಿದಾಗ ನನಗೆ ಆ ತಂದೆ ಒಂದು ಕಡೆ, ಜೈಲಿನವರು ಇನ್ನೊಂದು ಕಡೆ ಅನ್ನಿಸಿತ್ತು. ಈಗ ಅನ್ನಿಸಲ್ಲ. ಇಬ್ಬರಿಗೂ ಬೇಕಿದ್ದದ್ದು ಒಂದೇ: ನ್ಯಾಯ ಕೋರ್ಟಿನಲ್ಲಿ ತೀರ್ಮಾನ ಆಗಬೇಕು, ಕಾಡಿನಲ್ಲಲ್ಲ.

2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ನೂರಕ್ಕೂ ಹೆಚ್ಚು ಜನ ಖುಲಾಸೆಯಾದರು. ಪಾಲಾರ್ ಕೇಸಿನಲ್ಲಿ ಶಿಕ್ಷೆಯೂ ಆಯಿತು. ಅಂದ್ರೆ ಹಿಡಿದವರಲ್ಲಿ ತಪ್ಪಿತಸ್ಥರು ಇರಲೇ ಇಲ್ಲ ಅಂತಲ್ಲ. ಆದರೆ ಖುಲಾಸೆಯಾದವರಲ್ಲಿ ಎಷ್ಟೋ ಜನ ಶಿಕ್ಷೆ ಅನುಭವಿಸಿದ ಮೇಲೆ ನಿರಪರಾಧಿಗಳಾದರು. 1999ರಲ್ಲಿ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿ ಮಾದಪ್ಪನ ಬೆಟ್ಟದಲ್ಲೂ ಕೂತು ಹಳ್ಳಿಯವರ ಗೋಳು ಕೇಳಿತು. 2007ರಲ್ಲಿ ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು. ಅಷ್ಟರಲ್ಲಿ ವೀರಪ್ಪನ್ ಸತ್ತು ಎರಡು ವರ್ಷ ದಾಟಿತ್ತು.

ಡ್ರಗ್ಸ್ ಸಾಗಿಸೋರೂ ಗಡಿ ದಾಟೋರೇ. ಅವರಿಗಾಗಿ 1985ರಲ್ಲಿ ಬಂದ ಎನ್‌ಡಿಪಿಎಸ್ ಕಾಯ್ದೆಯಲ್ಲೂ, ಮಾಲು ಹೆಚ್ಚಿದ್ದರೆ ಜಾಮೀನಿಗೆ ಅದೇ ಟಾಡಾ ಥರದ ಷರತ್ತು. ಅಧಿಕಾರಿಗಳೆದುರು ಕೊಟ್ಟ ತಪ್ಪೊಪ್ಪಿಗೆ ಸಾಕ್ಷಿಯಲ್ಲ ಅಂತ ಸುಪ್ರೀಂ ಕೋರ್ಟು ಹೇಳೋಕೆ 2020 ಬರಬೇಕಾಯಿತು.

ಇದನ್ನೆಲ್ಲ ಕ್ಯಾಂಟೀನಿನಲ್ಲಿ ಆ ಹುಡುಗನಿಗೆ ಹೇಳಿದೆ. “ಹಂಗಾದ್ರೆ ಡ್ರಗ್ಸ್ ಮಾರೋರನ್ನ ಬಿಟ್ಬಿಡೋದಾ?” ಅಂದ.

“ಇಲ್ಲ ಗುರು. ಹಿಡೀಲಿ. ಆದ್ರೆ ಬೇಗ ಸಾಬೀತು ಮಾಡ್ಲಿ. ಆಗಲ್ವಾ, ಬಿಡ್ಲಿ. ನಿನಗೆ ಫೋನ್ ಬಂದಾಗ ನೀನು ಬೇಡಿಕೊಂಡಿದ್ದೂ ಅಷ್ಟೇ ಅಲ್ವಾ?”

ಅವನು ಟೀ ಲೋಟ ತಿರುಗಿಸ್ತಾ ಸುಮ್ಮನೆ ಕೂತ.