ಗುರುಗಳ ಗುರು ಬಿಟ್ಟುಹೋದ ಕಾಗದಪತ್ರಗಳು

ವ್ಯಾಪಾರಿಯ ಪ್ರಾಮಾಣಿಕತೆ ಅವನ ಕಿರ್ದಿ ಪುಸ್ತಕದಲ್ಲಿ ತಿಳಿಯುತ್ತದೆ. ಜಮೆಯನ್ನು ಮಾತ್ರ ಬರೆದು ಖರ್ಚನ್ನು ಮರೆಮಾಚಿದ್ದು ಲೆಕ್ಕವೆನಿಸದು. ನಾಡಿನ ವಿದ್ಯೆಯ ಚರಿತ್ರೆಗೂ ಇದೇ ನಿಯಮ ಸಲ್ಲುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳೆಯ ಶಾಲೆಗಳ ಕಾಗದಗಳನ್ನು ರದ್ದಿಗೆ ಹಾಕುವ ಮುನ್ನ ಅವುಗಳ ಬೆಲೆ ಏನೆಂಬುದನ್ನು ಅರಿಯಬೇಕು. ಅದಕ್ಕಾಗಿ ಧಾರವಾಡದ ಡೆಪ್ಯುಟಿ ಚನ್ನಬಸಪ್ಪನವರ (1834–1881) ಕಾರ್ಯವನ್ನು ಸ್ಮರಿಸುವುದು ಯೋಗ್ಯ.

ಈ ಸೀಮೆಯ ಒಂದು ಭಾಗ 1848ರವರೆಗೆ ಸಾತಾರಾ ಅರಸರ ಆಡಳಿತದಲ್ಲಿತ್ತು. ಕಚೇರಿಯ ಕಾಗದ ಮರಾಠಿಯಲ್ಲಿ, ಮನೆಯ ಮಾತು ಕನ್ನಡದಲ್ಲಿ ನಡೆಯುತ್ತಿದ್ದ ಕಾಲವದು. 1864ರಲ್ಲಿ ಕಲಾದಗಿ ಜಿಲ್ಲೆ ರಚನೆಯಾಯಿತು. 1885ರಲ್ಲಿ ಅದರ ಮುಖ್ಯಸ್ಥಾನ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ ಬಂದಿತು. ಹಳ್ಳಿಯ ಮಕ್ಕಳು ಐಗಳ ಮಠದಲ್ಲಿ ಅಕ್ಷರ ತಿದ್ದುತ್ತಿದ್ದರು. ಶಿಕ್ಷಕರಿಗೂ ತರಬೇತಿ ಬೇಕೆಂದು 1854ರ ವುಡ್ ಅವರ ಶಿಕ್ಷಣ ಪತ್ರ ಸೂಚಿಸಿತ್ತು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಇಲಾಖೆ ಸ್ಥಾಪನೆಗೊಂಡಿತು.

ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಶಿಕ್ಷಕರಾಗಲಿರುವವರಿಗೆ ಪಾಠ ಹೇಳಿದರು. ಮುಂದೆ ಡೆಪ್ಯುಟಿ ಎಜುಕೇಶನಲ್ ಇನ್‌ಸ್ಪೆಕ್ಟರರಾಗಿ ಕನ್ನಡ ಶಾಲೆಗಳ ಏಳಿಗೆಗಾಗಿ ದುಡಿದರು. ಮರಾಠಿಯ ಪ್ರಾಬಲ್ಯವಿದ್ದ ಪ್ರದೇಶದಲ್ಲಿ ಕನ್ನಡ ಮಗು ಕನ್ನಡದಲ್ಲಿಯೇ ಕಲಿಯಬೇಕೆಂಬುದು ಅವರ ಹಟವಾಗಿತ್ತು. ಆದರೆ ತರಬೇತಿ ಮುಗಿಸಿ ದೂರದ ಹಳ್ಳಿಗೆ ಹೋದ ಮಾಸ್ತರ ಅಲ್ಲಿ ಒಂಟಿಯಾಗುತ್ತಾನೆ. ಸಂಶಯ ಬಂದರೆ ಕೇಳುವವರಿಲ್ಲ, ಹೊಸ ವಿಷಯ ತಿಳಿಸುವವರಿಲ್ಲ. ಇಂಥ ಶಿಕ್ಷಕರ ಕೈಗೆ ಸೇರಲೆಂದು 1865ರಲ್ಲಿ ‘ಮಠಪತ್ರಿಕೆ’ ಹೊರಟಿತು. ಶಾಲೆಗೆ ಜನ ‘ಮಠ’ ಎನ್ನುತ್ತಿದ್ದುದರಿಂದ ಆ ಹೆಸರು. ಅದೇ ಮುಂದೆ ‘ಜೀವನ ಶಿಕ್ಷಣ’ವಾಯಿತು. ಕಲಿಸುವವನು ಕಲಿಯುವುದನ್ನು ನಿಲ್ಲಿಸಕೂಡದೆಂಬ ತತ್ತ್ವ ಆ ಪತ್ರಿಕೆಯ ಹುಟ್ಟಿನಲ್ಲಿಯೇ ಇದೆ. ಇದು ಜಮೆಯ ಪುಟ.

ಖರ್ಚಿನ ಪುಟವೂ ಧಾರವಾಡದ್ದೇ. 1856ರಲ್ಲಿ, ಅಂದಿನ ದಾಖಲೆಗಳು ‘ಮಹಾರ’ ಎಂದು ಗುರುತಿಸುವ ಅಸ್ಪೃಶ್ಯ ಸಮುದಾಯದ ಬಾಲಕನೊಬ್ಬ ಅಲ್ಲಿನ ಸರಕಾರಿ ಶಾಲೆಗೆ ಪ್ರವೇಶ ಬೇಡಿದನು. ಶಾಲೆ ಒಪ್ಪಲಿಲ್ಲ. ಅವನು ಮುಂಬಯಿ ಸರಕಾರಕ್ಕೆ ಅರ್ಜಿ ಸಲ್ಲಿಸಿದನು. ಒಬ್ಬನಿಗಾಗಿ ಬಹುಜನರ ಭಾವನೆಯನ್ನು ಕೆಣಕಲಾಗದೆಂದು ಸರಕಾರವೂ ಕೈಬಿಟ್ಟಿತು. ವಿಷಯ ಲಂಡನ್ನಿನವರೆಗೆ ಹೋಯಿತು. ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ಅಭಿಪ್ರಾಯವನ್ನು ಕಂಪನಿಯ ನಿರ್ದೇಶಕ ಮಂಡಳಿ 1858ರಲ್ಲಿ ತಿಳಿಸಿತು. ಮಾತು ಬಂದರೂ ಬಾಗಿಲು ಬೇಗ ತೆರೆಯಲಿಲ್ಲ. ಎಪ್ಪತ್ತು ವರ್ಷಗಳ ತರುವಾಯ, 1928ರಲ್ಲಿ, ಡಾ. ಅಂಬೇಡ್ಕರ್ ಅವರು ಸೈಮನ್ ಆಯೋಗದ ಮುಂದೆ ಈ ಪ್ರಕರಣವನ್ನು ಸಾಕ್ಷಿಯಾಗಿ ಇಟ್ಟರು. ಆ ಕಾಗದಗಳನ್ನು ಯಾರಾದರೂ ಊರಿನ ಮಾನ ಕಾಯಲೆಂದು ಹರಿದುಹಾಕಿದ್ದರೆ, ಬಾಲಕನಿಗೆ ಆದ ಅನ್ಯಾಯಕ್ಕೆ ಸಾಕ್ಷಿಯೇ ಉಳಿಯುತ್ತಿರಲಿಲ್ಲ.

ಹಳ್ಳಿಯ ಶಾಲೆಯ ಕಾಗದಗಳಿಗೂ ಇಷ್ಟೇ ಬೆಲೆಯಿದೆ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಮಾಸ್ತರರ ಪಾಠ ಟಾಚಣ, ಇನ್‌ಸ್ಪೆಕ್ಟರರ ಷರಾ ಇವೆಲ್ಲ ಊರಿನ ಕಿರ್ದಿಗಳೇ. 1876–78ರ ಮಹಾಬರದಲ್ಲಿ ಕಲಾದಗಿ ಜಿಲ್ಲೆ ತತ್ತರಿಸಿತು. 1872 ಮತ್ತು 1881ರ ಜನಗಣತಿಗಳ ನಡುವೆ ಜನಸಂಖ್ಯೆ ಐದನೆಯ ಒಂದು ಪಾಲಿಗೂ ಮೀರಿ ಕುಗ್ಗಿತು. ಗಣತಿ ಮೊತ್ತವನ್ನು ಹೇಳುತ್ತದೆ. ಯಾವ ಮಗು ಶಾಲೆಗೆ ಬರುವುದು ನಿಂತಿತು, ಯಾವ ಮನೆಯ ಹುಡುಗಿ ಮೊದಲು ಅಕ್ಷರ ಕಲಿತಳು ಎಂಬುದು ಶಾಲೆಯ ಪುಸ್ತಕದಿಂದಲೇ ತಿಳಿಯಬೇಕು.

ಕಾಪಾಡುವ ಹಾದಿಗೆ ಈ ಜಿಲ್ಲೆಯಲ್ಲಿಯೇ ಆದರ್ಶವಿದೆ. ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳಲ್ಲಿ ಉಳಿದ ತಾಡೋಲೆಗಳನ್ನು ಹುಡುಕಿ ವಚನಗಳನ್ನು ಬೆಳಕಿಗೆ ತಂದರು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಶ್ರಾವಕರಿಗೆ ಹೇಳಬೇಕಾಗಿಲ್ಲ. ಅಂದಿನ ಶಾಸ್ತ್ರದಾನ ಬರೆಯಿಸುವುದರಲ್ಲಿತ್ತು. ಇಂದು ಬರೆದದ್ದನ್ನು ಉಳಿಸುವುದೂ ಅದೇ ಪುಣ್ಯದ ಕೆಲಸ.

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಬಸದಿಯ ಟ್ರಸ್ಟಾಗಲಿ ಶಾಲೆಯ ಆಡಳಿತ ಮಂಡಳಿಯಾಗಲಿ ತಮ್ಮ ಸಂಸ್ಥೆಯ ಹಳೆಯ ಪುಸ್ತಕಗಳ ಯಾದಿ ಮಾಡಬೇಕು. ತೇವ, ಗೆದ್ದಲು ತಾಗದ ಒಣ ಕಪಾಟಿನಲ್ಲಿಟ್ಟು ವರ್ಷಕ್ಕೊಮ್ಮೆ ತೆರೆದು ನೋಡಬೇಕು. ಸರಕಾರದ ದಾಖಲೆಯಿದ್ದರೆ ಸರಕಾರಕ್ಕೇ ಒಪ್ಪಿಸಬೇಕು. ಬದುಕಿರುವವರ ಹೆಸರು, ಜಾತಿ, ಶಿಕ್ಷೆಯ ವಿವರಗಳು ಕಂಡಕಂಡವರ ಬಾಯಿಗೆ ಬೀಳದಂತೆ ಎಚ್ಚರ ವಹಿಸುವುದು ಅಹಿಂಸೆ. ತಮ್ಮ ಹಿರಿಯರಿಗೆ ಕೀರ್ತಿ ತರದ ಪುಟವನ್ನೂ ಕೀಳದೆ ಉಳಿಸುವುದು ಸತ್ಯವ್ರತ. ಇವೆರಡನ್ನೂ ಏಕಕಾಲಕ್ಕೆ ಪಾಲಿಸುವುದು ಕಷ್ಟವೇ ಸರಿ. ಆದರೆ ಧಾರವಾಡದ ಆ ಬಾಲಕನ ಅರ್ಜಿಯೂ ಚನ್ನಬಸಪ್ಪನವರ ಪತ್ರಿಕೆಯೂ ಒಂದೇ ಕಿರ್ದಿಯಲ್ಲಿ ಉಳಿದಾಗ ಮಾತ್ರ ಮುಂದಿನವರಿಗೆ ಲೆಕ್ಕ ಸರಿಯಾಗಿ ಸಿಕ್ಕೀತು.