ದೇವರು ವರ ಕೊಟ್ಟರೂ ಪೂಜಾರಿ ಕೊಡ



ಕಳೆದ ವಾರ ಹಳೆಯ ಕಾಗದಗಳ ಕಟ್ಟನ್ನು ಬಿಚ್ಚಿದಾಗ, 2004ರಲ್ಲಿ ನಾನೇ ಪೆನ್ಸಿಲಿನಿಂದ ಬರೆದಿದ್ದ ಲೆಕ್ಕದ ಹಾಳೆಯೊಂದು ಕೈಗೆ ಸಿಕ್ಕಿತು. ವಿದ್ಯಾಭ್ಯಾಸಕ್ಕೆ 20, ಇಂಗ್ಲಿಷಿಗೆ 16, ಕೆಲಸದ ಅನುಭವಕ್ಕೆ 21, ವಯಸ್ಸಿಗೆ 10, ಹೆಂಡತಿಯ ಪದವಿಗೆ 4, ಒಟ್ಟು 71. ಕೆಳಗೆ ‘ಪಾಸು’ ಎಂದು ಬರೆದು ಎರಡು ಗೆರೆ ಎಳೆದಿದ್ದೆ.

ಅದು ಯಾವ ಪರೀಕ್ಷೆಯ ಲೆಕ್ಕವೂ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಪುಣೆಯ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಕೆನಡಾಕ್ಕೆ ವಲಸೆ ಹೋಗುವ ಅರ್ಜಿಯನ್ನು ಹಿಡಿದು ನಮ್ಮ ಮನೆಗೆ ಬಂದಿದ್ದ. ಜಗಲಿಯ ಮೇಲೆ ಕುಳಿತು ಇಬ್ಬರೂ ಸೇರಿ ಮಾಡಿದ ಲೆಕ್ಕವದು. ಆಗ ಬೇಕಾಗಿದ್ದುದು 100ಕ್ಕೆ 67 ಅಂಕ. ಜೊತೆಯಲ್ಲಿ ಬಂದಿದ್ದ ಅವನ ತಂದೆಗೆ ಮಾತ್ರ ಅನುಮಾನ. “ಮೇಷ್ಟ್ರೇ, ಕೈಯಲ್ಲಿರೋ ಕೆಲಸ ಬಿಟ್ಟು ಅಷ್ಟು ದೂರ ಹೋಗಬಹುದಾ?” ಎಂದು ಕೇಳಿದರು. “ಅಲ್ಲಿನ ಸರಕಾರವೇ ಅಂಕ ಕೊಟ್ಟು ಕರೀತಿದೆ ಗೌಡ್ರೇ, ಕೆಲಸ ಸಿಗದೆ ಇರುತ್ತದೆಯೇ?” ಎಂದು ನಾನೇ ಧೈರ್ಯ ಹೇಳಿದೆ.

ವೀಸಾ ಬಂದು ಅವನು ಟೊರಾಂಟೊ ಸೇರಿದ್ದು 2006ರಲ್ಲಿ. ಮೂರು ತಿಂಗಳು ಅರ್ಜಿ ಹಾಕಿದ್ದಕ್ಕೆ ಎರಡೇ ಎರಡು ಸಂದರ್ಶನಗಳು ದೊರೆತವು. ಎರಡರಲ್ಲಿಯೂ ಕೇಳಿದ್ದು ಒಂದೇ ಪ್ರಶ್ನೆ: “ಕೆನಡಾದಲ್ಲಿ ಕೆಲಸ ಮಾಡಿದ ಅನುಭವವಿದೆಯೇ?” ತಂದಿದ್ದ ಹಣ ಕರಗತೊಡಗಿತು. ಕೊನೆಗೆ ಅವನು ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿ ಪೆಟ್ಟಿಗೆಗಳನ್ನು ಎತ್ತಿಡತೊಡಗಿದ. “ಸಾರ್, ಅಪ್ಪನಿಗೆ ಮಾತ್ರ ಹೇಳಬೇಡಿ” ಎಂದು ಫೋನಿನಲ್ಲಿ ಕೇಳಿಕೊಂಡ. ಮುಂದಿನ ಸಂತೆಯಲ್ಲಿ ಗೌಡರು ಎದುರಾಗಿ ಮಗನ ವಿಷಯ ಕೇಳಿದಾಗ, “ಎಂಜಿನಿಯರ್ ಕೆಲಸವೇ ಸಿಕ್ಕಿದೆಯಂತೆ” ಎಂದುಬಿಟ್ಟೆ. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪಾಠ ಮಾಡಿದವನು ನಾನು.

ನಮ್ಮ ಲೆಕ್ಕ ತಪ್ಪಿದ್ದೆಲ್ಲಿ ಎಂಬ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಚರಿತ್ರೆಯ ಮೇಷ್ಟ್ರಾದುದರಿಂದ ಚರಿತ್ರೆಯಲ್ಲಿಯೇ ಉತ್ತರವನ್ನು ಹುಡುಕಿದೆ.

ಒಂದು ಕಾಲದಲ್ಲಿ ಕೆನಡಾದ ಬಾಗಿಲು ನಮ್ಮವರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ಹುಟ್ಟಿದ ದೇಶದಿಂದ ಎಲ್ಲಿಯೂ ನಿಲ್ಲದೆ ನೇರವಾಗಿ ಪ್ರಯಾಣ ಮಾಡಿ ಬಂದವರಿಗೆ ಮಾತ್ರ ಪ್ರವೇಶವೆಂಬ ನಿಯಮವನ್ನು 1908ರಲ್ಲಿ ತಂದರು. ಭಾರತದಿಂದ ಅಂತಹ ಪ್ರಯಾಣ ಅಸಾಧ್ಯವೇ ಆಗಿತ್ತು. 1914ರಲ್ಲಿ 376 ಪ್ರಯಾಣಿಕರೊಡನೆ ವ್ಯಾಂಕೂವರ್ ತಲುಪಿದ ಕೊಮಗಾಟ ಮಾರು ಹಡಗನ್ನು ಎರಡು ತಿಂಗಳು ನೀರಿನಲ್ಲಿಯೇ ನಿಲ್ಲಿಸಿ, ಬಹುತೇಕ ಎಲ್ಲರನ್ನೂ ಹಿಂದಕ್ಕೆ ಕಳುಹಿಸಿದ್ದನ್ನು ತರಗತಿಯಲ್ಲಿ ಹೇಳಿದ್ದು ನಿಮಗೆ ನೆನಪಿರಬಹುದು. 1962ರ ನಿಯಮಗಳು ಜನಾಂಗಭೇದವನ್ನು ಬಹುಮಟ್ಟಿಗೆ ತೆಗೆದುಹಾಕಿದವು. 1967ರ ಅಕ್ಟೋಬರ್ 1ರಿಂದ ಅಂಕಪದ್ಧತಿ ಜಾರಿಗೆ ಬಂದಿತು. ವಿದ್ಯೆಗೆ 20, ವಯಸ್ಸಿಗೆ 10, ಭಾಷೆಗೆ 10, ಹೀಗೆ ಒಟ್ಟು 100ರಲ್ಲಿ 50 ಪಡೆದವನು ಯಾವ ದೇಶದವನಾದರೂ ಒಳಗೆ ಬರಬಹುದು. ಚರ್ಮದ ಬಣ್ಣದ ಜಾಗದಲ್ಲಿ ಅಂಕಪಟ್ಟಿ ಬಂದಿತು. ಇದು ನಿಜವಾಗಿಯೂ ದೊಡ್ಡ ಬದಲಾವಣೆ.

ಆದರೆ ಆ ಪಟ್ಟಿಯಲ್ಲಿ, ಹೊರಡುವ ಮೊದಲೇ ಕೆಲಸವೊಂದನ್ನು ಗೊತ್ತುಮಾಡಿಕೊಂಡವನಿಗೆ ಇದ್ದುದು ಬರೀ 10 ಅಂಕ. 2002ರ ಹೊಸ ಕಾಯಿದೆಯ ಪಟ್ಟಿಯಲ್ಲಿಯೂ ಅದಕ್ಕೆ ಅಷ್ಟೇ ಅಂಕ. ಎಂದರೆ, ಕೈಯಲ್ಲಿ ಕೆಲಸವಿಲ್ಲದವನೂ ಸುಲಭವಾಗಿ ತೇರ್ಗಡೆಯಾಗಬಹುದಿತ್ತು. ನಾವು ಜಗಲಿಯಲ್ಲಿ ಕೂಡಿದ 71ರಲ್ಲಿ ಆ 10 ಇರಲಿಲ್ಲ. ಅದನ್ನು ನಾನು ಆಗ ಗಮನಿಸಲೇ ಇಲ್ಲ.

ಎರಡನೆಯ ಕಾರಣ ಇನ್ನೂ ಹಳೆಯದು. ಜನರನ್ನು ಆರಿಸಿ ವೀಸಾ ಕೊಡುವುದು ಮುಖ್ಯವಾಗಿ ಕೇಂದ್ರ ಸರಕಾರದ ಕೆಲಸ. ವೈದ್ಯ, ನರ್ಸ್, ಎಂಜಿನಿಯರ್ ಮೊದಲಾದ ವೃತ್ತಿಗಳ ಪರವಾನಗಿಯಾದರೋ 1867ರ ಸಂವಿಧಾನದ ಹಂಚಿಕೆಯಂತೆ ಪ್ರಾಂತಗಳಿಗೆ ಸೇರಿದ ವಿಷಯ. ಪ್ರಾಂತಗಳು ಅದನ್ನು ಆಯಾ ವೃತ್ತಿಯವರ ಸಂಸ್ಥೆಗಳಿಗೆ ವಹಿಸಿಕೊಟ್ಟಿವೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಪೂಜಾರಿಯ ಪರವಾಗಿಯೂ ಒಂದು ಮಾತು ಹೇಳಬೇಕು. 1907ರಲ್ಲಿ, ಕಟ್ಟುತ್ತಿರುವಾಗಲೇ ಕ್ವಿಬೆಕ್ ಸೇತುವೆ ಕುಸಿದು 75 ಮಂದಿ ಕಾರ್ಮಿಕರು ಸತ್ತರು. ವಿನ್ಯಾಸದ ಲೆಕ್ಕದಲ್ಲಿಯೇ ತಪ್ಪಿತ್ತು. ಸೇತುವೆ ಕಟ್ಟುವವನ ಯೋಗ್ಯತೆಯನ್ನು ಪರೀಕ್ಷಿಸಬೇಕೆಂಬುದು ಅನ್ಯಾಯವಲ್ಲ. ಒಂಟಾರಿಯೊ ಪ್ರಾಂತದಲ್ಲಿ ಎಂಜಿನಿಯರುಗಳ ಕಾಯಿದೆ 1922ರಲ್ಲಿಯೇ ಬಂದಿತು.

ಕಷ್ಟವಾದುದು ಪರೀಕ್ಷೆಯಿಂದಲ್ಲ, ಒಂದು ಷರತ್ತಿನಿಂದ. ಒಂಟಾರಿಯೊದಲ್ಲಿ ಪರವಾನಗಿಗೆ ನಾಲ್ಕು ವರ್ಷದ ಅನುಭವ ಬೇಕಾಗಿತ್ತು. ಅದರಲ್ಲಿ ಕನಿಷ್ಠ ಒಂದು ವರ್ಷ ಕೆನಡಾದಲ್ಲಿಯೇ, ಪರವಾನಗಿ ಪಡೆದ ಎಂಜಿನಿಯರ್ ಒಬ್ಬರ ಕೈಕೆಳಗೆ ಆಗಿರಬೇಕಾಗಿತ್ತು. ಪರವಾನಗಿ ಬೇಕಿಲ್ಲದ ಹುದ್ದೆಗಳಿಗೂ ಮಾಲೀಕರು ಅದೇ ಪ್ರಶ್ನೆ ಕೇಳುತ್ತಿದ್ದರು. ಕೆಲಸವಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸವಿಲ್ಲ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು! ಬಾಗಿಲಿನಲ್ಲಿ 21 ಅಂಕ ತಂದುಕೊಟ್ಟ ಪುಣೆಯ ಅನುಭವ ಒಳಗೆ ಹೋದ ಮೇಲೆ ಸೊನ್ನೆಯಾದದ್ದು ಹೀಗೆ.

ಇದು ನಮ್ಮವರೊಬ್ಬರ ಕಥೆಯಲ್ಲ. ಚೆಕೊಸ್ಲೊವಾಕಿಯಾದಲ್ಲಿ ಎಂಜಿನಿಯರಿಂಗ್ ಓದಿ ಆಲ್ಬರ್ಟಾ ಪ್ರಾಂತಕ್ಕೆ ಬಂದ ಲಾಡಿಸ್ಲಾವ್ ಮಿಹಾಲಿ ಎಂಬುವರು ಪರವಾನಗಿಗಾಗಿ ಹೋರಾಡಿ, 2014ರಲ್ಲಿ ಮಾನವ ಹಕ್ಕುಗಳ ನ್ಯಾಯಮಂಡಳಿಯಲ್ಲಿ ಗೆದ್ದರು. 2016ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು.

ಆದರೂ ಕಾಲ ನಿಲ್ಲಲಿಲ್ಲ. ಪರವಾನಗಿಯ ವಿಧಾನ ನ್ಯಾಯವಾಗಿರಬೇಕೆಂದು ಒಂಟಾರಿಯೊ 2006ರಲ್ಲಿ ಕಾಯಿದೆ ಮಾಡಿತು. ‘ಕೆನಡಾದ ಅನುಭವ’ವನ್ನೇ ಕಡ್ಡಾಯವಾಗಿ ಕೇಳುವುದು ಮೇಲ್ನೋಟಕ್ಕೇ ತಾರತಮ್ಯವೆಂದು ಅಲ್ಲಿನ ಮಾನವ ಹಕ್ಕುಗಳ ಆಯೋಗ 2013ರಲ್ಲಿ ಸಾರಿತು. 2021ರ ಕಾಯಿದೆಯ ನಂತರ, ಎಂಜಿನಿಯರುಗಳ ಸಂಸ್ಥೆ 2023ರ ಮೇ ತಿಂಗಳಲ್ಲಿ ಆ ಒಂದು ವರ್ಷದ ಷರತ್ತನ್ನು ಕೈಬಿಟ್ಟಿತು. 25 ಅಥವಾ ಹೆಚ್ಚು ನೌಕರರಿರುವ ಮಾಲೀಕರು ಉದ್ಯೋಗದ ಜಾಹೀರಾತಿನಲ್ಲಿ ಕೆನಡಾದ ಅನುಭವ ಬೇಕೆಂದು ಬರೆಯಬಾರದೆಂಬ ನಿಯಮವೂ 2026ರ ಜನವರಿ 1ರ ದಿನಾಂಕದಿಂದ ಬಂದಿದೆ. 1967ರಿಂದ 2023ಕ್ಕೆ 56 ವರ್ಷ. ಎರಡು ತಲೆಮಾರುಗಳ ದುಡಿಮೆಯ ಕಾಲ. ಜಾಹೀರಾತಿನಿಂದ ಮಾಯವಾದ ಪ್ರಶ್ನೆ ಸಂದರ್ಶನ ಮಾಡುವವನ ಮನಸ್ಸಿನಿಂದಲೂ ಮಾಯವಾಗಲು ಇನ್ನೆಷ್ಟು ಕಾಲ ಬೇಕೋ!

ನನ್ನ ವಿದ್ಯಾರ್ಥಿ ಕೈಕಟ್ಟಿ ಕೂರಲಿಲ್ಲ. ಗೋದಾಮಿನಲ್ಲಿ ಎರಡು ವರ್ಷ ಕಳೆದು, ಸಂಜೆ ಕಾಲೇಜಿನಲ್ಲಿ ತಾನು ಮೊದಲೇ ಬಲ್ಲ ಪಾಠವನ್ನು ಮತ್ತೊಮ್ಮೆ ಓದಿ, ಸಣ್ಣ ಕಾರ್ಖಾನೆಯೊಂದರಲ್ಲಿ ತಪಾಸಣೆಯ ಕೆಲಸ ಹಿಡಿದ. ಅಲ್ಲಿಂದ ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಪರವಾನಗಿ ಪಡೆಯುವ ಹೊತ್ತಿಗೆ ಅವನಿಗೆ ನಲವತ್ತೆರಡು ವರ್ಷ. ಆ ಸುದ್ದಿಯನ್ನು ಗೌಡರಿಗೆ ಮುಟ್ಟಿಸಲು ಹೋದಾಗ ನನ್ನ ಹಳೆಯ ಸುಳ್ಳನ್ನೂ ಒಪ್ಪಿಕೊಂಡೆ. ಅವರು ನಕ್ಕರು. “ನಂಗೆ ಆವಾಗ್ಲೇ ಗೊತ್ತಿತ್ತು ಮೇಷ್ಟ್ರೇ. ನಮ್ಮಲ್ಲಿ ಸಂಜೆ ನಾಲ್ಕು ಅಂದ್ರೆ ಅಲ್ಲಿ ಬೆಳಗಿನ ಜಾವ ಅಂತ ನೀವೇ ಹೇಳಿದ್ರಲ್ಲ. ಅವನು ದಿನಾ ಅದೇ ಹೊತ್ತಿಗೆ ಫೋನ್ ಮಾಡ್ತಿದ್ದ. ಎಂಜಿನಿಯರು ಆ ಹೊತ್ತಲ್ಲಿ ಎದ್ದಿರ್ತಾನಾ?” ಎಂದರು. ನಾನು ತಲೆ ತಗ್ಗಿಸಿದೆ.

ನಿಮ್ಮಲ್ಲಿ ಕೆಲವರ ಮಕ್ಕಳು ಈಗ ಹೊರಡುವ ಸಿದ್ಧತೆಯಲ್ಲಿರಬಹುದು. ಹೋಗಬೇಡಿರೆಂದು ನಾನು ಹೇಳಲಾರೆ. ವೀಸಾ ಎಂಬುದು ಪರೀಕ್ಷೆಗೆ ಕೂರಿಸುವ ಹಾಲ್ ಟಿಕೆಟ್ ಮಾತ್ರ. ಅದನ್ನು ಫಲಿತಾಂಶವೆಂದು ತಿಳಿಯಬೇಡಿ. ನಿಮ್ಮ ವೃತ್ತಿಗೆ ಅಲ್ಲಿ ಪರವಾನಗಿ ಕೊಡುವವರು ಯಾರು, ಏನು ಕೇಳುತ್ತಾರೆ, ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಇಲ್ಲಿಂದಲೇ ಪತ್ರ ಬರೆದು ತಿಳಿದುಕೊಳ್ಳಿ. ಆ ಕಾಲದಷ್ಟು ದಿನದ ಊಟಕ್ಕೂ ಬಾಡಿಗೆಗೂ ಹಣ ಕಟ್ಟಿಕೊಂಡು ಹೊರಡಿ. ಪೆಟ್ಟಿಗೆ ಎತ್ತುವ ದಿನಗಳು ಬಂದರೆ ಮನೆಯವರಿಂದ ಮುಚ್ಚಿಡಬೇಡಿ. ಅವರಿಗೆ ಹೇಗೂ ತಿಳಿಯುತ್ತದೆ.

ಆ ಹಾಳೆಯನ್ನು ನಾನು ಹರಿದು ಹಾಕಲಿಲ್ಲ. ‘ಪಾಸು’ ಎಂಬುದನ್ನು ಅಳಿಸಿ, ‘ಪ್ರವೇಶ’ ಎಂದು ತಿದ್ದಿ ಇಟ್ಟಿದ್ದೇನೆ.